ಸಿಂಹದ ನಕ್ಷೆ ಬರೀ ಅಲಂಕಾರವೇ?

ಪ್ರಶ್ನೆ: ನೆದರ್‌ಲೆಂಡ್ಸನ್ನು ಸಿಂಹದ ಆಕಾರದಲ್ಲಿ ಬರೆದ ಹಳೆಯ ನಕ್ಷೆಯೊಂದರ ಪ್ರತಿ ನೋಡಿದೆ. ಇಂಥವು ಬರೀ ಅಲಂಕಾರವೇ? ಅಷ್ಟು ಚಿಕ್ಕ ನಾಡಿನಿಂದ 16–17ನೇ ಶತಮಾನದಲ್ಲಿ ಅಷ್ಟೊಂದು ನಕ್ಷೆಗಳು ಹೊರಬಿದ್ದದ್ದು ಏಕೆ? ಅವುಗಳಲ್ಲಿ ರಾಜಕೀಯವಿದೆ ಅನ್ನುತ್ತಾರಲ್ಲ, ಅದನ್ನು ನಕ್ಷೆಯ ಯಾವ ಭಾಗದಲ್ಲಿ ಹುಡುಕಬೇಕು?

ಉತ್ತರ: ನಿಮ್ಮ ಕಡೆಯ ಪ್ರಶ್ನೆಯಿಂದ ಶುರು ಮಾಡುವುದೇ ಅನುಕೂಲ. ಡಚ್ ನಕ್ಷೆಯ ರಾಜಕೀಯವನ್ನು ಕರಾವಳಿಯ ಗೆರೆಯಲ್ಲಿ ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ. ಶೀರ್ಷಿಕೆ, ಅರ್ಪಣೆಯ ಸಾಲು, ಅಂಚಿನ ಚಿತ್ರ, ಲಾಂಛನ, ಅಳಿಸಿ ಮತ್ತೆ ಕೆತ್ತಿದ ಹೆಸರು, ಇವುಗಳಲ್ಲಿ ಹುಡುಕಬೇಕು. ಈ ನಕ್ಷೆಗಳಲ್ಲಿ ಬಹುಪಾಲನ್ನು ಹೊರತಂದದ್ದು ಯಾವ ಅರಸನ ಕಚೇರಿಯೂ ಅಲ್ಲ. ನಕ್ಷೆ ಮಾರಿ ಹೊಟ್ಟೆ ಹೊರೆಯುವ ಅಚ್ಚುಕೂಟಗಳು. ಸ್ಪೇನ್‌ನಲ್ಲಿ ಸೆವಿಲ್ ನಗರದ ಸರಕಾರಿ ಕಚೇರಿಯೊಂದು ಸಮುದ್ರ ನಕ್ಷೆಯ ಮೂಲಪ್ರತಿಯನ್ನು ತನ್ನ ಹಿಡಿತದಲ್ಲಿ ಇಟ್ಟುಕೊಂಡಿತ್ತು. ಸ್ಪೇನ್ ಆಳ್ವಿಕೆಯಿಂದ ಬಿಡಿಸಿಕೊಂಡ ಉತ್ತರದ ಏಳು ಪ್ರಾಂತಗಳ ಡಚ್ ಗಣರಾಜ್ಯದಲ್ಲಿ ಅಂಥದ್ದಿರಲಿಲ್ಲ. ಪ್ರಾಂತಗಳ ಪ್ರತಿನಿಧಿಗಳು ಕೂಡುವ ಅಲ್ಲಿಯ ಮಹಾಸಭೆ ಪ್ರಕಾಶಕನಿಗೆ ಕೆಲವು ವರ್ಷಗಳ ಮುದ್ರಣ ಹಕ್ಕು ಕೊಡುತ್ತಿತ್ತು, ಮಿಕ್ಕದ್ದು ಪೇಟೆಗೆ ಬಿಟ್ಟದ್ದು. ಹಾಗಾಗಿ ಗಿರಾಕಿ ಬದಲಾದಂತೆ, ಯುದ್ಧದ ಗಾಳಿ ತಿರುಗಿದಂತೆ ನಕ್ಷೆ ಕೆತ್ತಿದ ಅದೇ ತಾಮ್ರದ ತಗಡು ಬೇರೆ ಬೇರೆ ಮಾತು ಹೇಳಬೇಕಾಗುತ್ತಿತ್ತು.

ಈಗ ಸಿಂಹಕ್ಕೆ ಬರೋಣ. ಲಿಯೋ ಬೆಲ್ಜಿಕಸ್ ಎಂಬ ಈ ಕಲ್ಪನೆ ಮೂಡಿದ್ದು ಡಚ್ಚನ ತಲೆಯಲ್ಲಲ್ಲ. ಮೈಕೇಲ್ ಐಟ್ಸಿಂಗರ್ ಎಂಬ ಆಸ್ಟ್ರಿಯದ ಗಣ್ಯ ಬರೆದ ಇತಿಹಾಸ ಗ್ರಂಥಕ್ಕಾಗಿ ಫ್ರಾನ್ಸ್ ಹೋಗೆನ್‌ಬೆರ್ಗ್ ಇದನ್ನು ಕೆತ್ತಿದ. 1583ರಲ್ಲಿ ಜರ್ಮನಿಯ ಕೊಲೋನ್‌ನಲ್ಲಿ ಅಚ್ಚಾಯಿತು. ಅಂದಿನ ನೆದರ್‌ಲೆಂಡ್ಸಿನ ಹದಿನೇಳು ಪ್ರಾಂತಗಳಲ್ಲಿ ಹೆಚ್ಚಿನವುಗಳ ಲಾಂಛನದಲ್ಲಿ ಆಗಲೇ ಸಿಂಹವಿತ್ತು, ನಾಡಿನ ಆಕಾರವೂ ಒಗ್ಗಿತು. ತಲೆ ಈಶಾನ್ಯಕ್ಕೆ. ನಕ್ಷೆ ಹೊರಬಂದ ವರ್ಷ ಗಮನಿಸಿ. ಉತ್ತರದ ಪ್ರಾಂತಗಳು 1579ರಲ್ಲಿ ಉಟ್ರೆಕ್ಟ್ ಒಕ್ಕೂಟ ಕಟ್ಟಿಕೊಂಡಿದ್ದವು. 1581ರಲ್ಲಿ ಬಂಡೆದ್ದ ಪ್ರಾಂತಗಳು ಸ್ಪೇನ್ ದೊರೆ ಎರಡನೇ ಫಿಲಿಪ್ ಇನ್ನು ನಮ್ಮ ಒಡೆಯನಲ್ಲ ಎಂದು ಘೋಷಿಸಿದ್ದವು. ನೆಲದ ಮೇಲೆ ಒಡೆದುಹೋಗುತ್ತಿದ್ದ ನಾಡು ಕಾಗದದ ಮೇಲೆ ಒಂದೇ ಮೈ, ಒಂದೇ ಪ್ರಾಣಿ. ಫಿಲಿಪ್ಪನ ಹ್ಯಾಬ್ಸ್‌ಬರ್ಗ್ ಮನೆತನಕ್ಕೆ ಹತ್ತಿರದವನಾದ ಐಟ್ಸಿಂಗರನಿಗೆ ಅದು ಅರಸನ ಅಖಂಡ ಆಸ್ತಿ. ಬಂಡಾಯದವರ ಕಣ್ಣಿಗೆ ಅದೇ ಸಿಂಹ ಸ್ಪೇನ್ ಮೇಲೆ ಎರಗುವ ಮೃಗ. ಗೆರೆ ಒಂದೇ, ಓದು ಎರಡು. ಎರಡೂ ಕಡೆ ಮಾಲು ಮಾರಾಟವಾಯಿತು.

1609ರಲ್ಲಿ ಹನ್ನೆರಡು ವರ್ಷಗಳ ಕದನವಿರಾಮಕ್ಕೆ ಸಹಿ ಬಿದ್ದ ಮೇಲೆ ಆಮ್‌ಸ್ಟರ್‌ಡಾಮ್‌ನ ಪ್ರಕಾಶಕ ಕ್ಲಾಸ್ ಯಾನ್ಸ್ ವಿಸ್ಸರ್ ಹೊರತಂದ ಸಿಂಹದ ನಕ್ಷೆಯಲ್ಲಿ ಯುದ್ಧದೇವತೆ ನಿದ್ದೆ ಹೋಗಿದ್ದಾನೆ. ನಿದ್ದೆ ಅಂದರೆ ಎದ್ದೇಳುವುದೂ ಇದೆ ಅಂತ ಅಂದಿನ ಗಿರಾಕಿಗೆ ಗೊತ್ತಿತ್ತು. 1621ರಲ್ಲಿ ಎದ್ದೂ ಎದ್ದಿತು. ಆಮೇಲೆ ಅದೇ ವಿಸ್ಸರ್ ಇನ್ನೊಂದು ಸಿಂಹ ಬಿಟ್ಟ: ಲಿಯೋ ಹೊಲ್ಯಾಂಡಿಕಸ್. ಅದರ ಮೈಯೊಳಗೆ ಹದಿನೇಳು ಪ್ರಾಂತಗಳಿಲ್ಲ, ಗಣರಾಜ್ಯದ ಏಳೂ ಇಲ್ಲ, ಹಾಲೆಂಡ್ ಒಂದೇ ಇದೆ. ಗಣರಾಜ್ಯದ ಖರ್ಚಿನಲ್ಲಿ ಶೇ. 58ರಷ್ಟನ್ನು ಹೊರುತ್ತಿದ್ದ ಪ್ರಾಂತ ತಾನೇ ಸಿಂಹ ಎಂದು ಹೇಳಿಕೊಂಡಿತು. ಮೂರು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಒಪ್ಪಂದಪತ್ರವನ್ನೂ ಓದದೆ ಅರ್ಧ ಶತಮಾನದ ರಾಜಕೀಯ ತಿಳಿಯುತ್ತದೆ.

ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಹಳೆಯ ನಕ್ಷೆಯ ‘ಬೆಲ್ಜಿಕಾ’, ‘ಬೆಲ್ಜಿಯಮ್’ ಇಂದಿನ ಬೆಲ್ಜಿಯಂ ದೇಶ ಅಲ್ಲ. ಲ್ಯಾಟಿನ್‌ನಲ್ಲಿ ಉತ್ತರ ದಕ್ಷಿಣ ಎಲ್ಲ ಸೇರಿದ ನೆದರ್‌ಲೆಂಡ್ಸಿಗೆ ಅದೇ ಹೆಸರು. ಇಂದಿನ ನ್ಯೂಯಾರ್ಕ್ ಸುತ್ತಲ ಪ್ರದೇಶ ‘ನೋವಿ ಬೆಲ್ಜಿ’ ಎಂದು ನಕ್ಷೆಗಳಲ್ಲಿ ಕಾಣುವುದು ಇದೇ ಕಾರಣಕ್ಕೆ. ಅದರ ಅರ್ಥ ಹೊಸ ನೆದರ್‌ಲೆಂಡ್.

ಇಷ್ಟೊಂದು ನಕ್ಷೆಗಳು ಏಕೆ ಎಂಬುದಕ್ಕೆ ಉತ್ತರ ದಕ್ಷಿಣ ಪ್ರಾಂತಗಳ ಆಂಟ್ವರ್ಪ್ ನಗರದಲ್ಲಿದೆ. ಒಂದೇ ಅಳತೆಯ ಹಾಳೆಗಳಲ್ಲಿ ಜಗತ್ತಿನ ನಕ್ಷೆಗಳನ್ನು ಜೋಡಿಸಿ ಅಬ್ರಹಾಂ ಓರ್ಟೇಲಿಯಸ್ 1570ರಲ್ಲಿ ಮೊದಲ ಆಧುನಿಕ ಅಟ್ಲಾಸ್ ಹೊರತಂದದ್ದು ಅಲ್ಲಿಂದ, 53 ಹಾಳೆಗಳು. 1585ರಲ್ಲಿ ಆ ಊರು ಸ್ಪೇನ್ ಸೇನೆಗೆ ಶರಣಾಯಿತು. ಪ್ರಾಟೆಸ್ಟೆಂಟರಿಗೆ ನಾಲ್ಕು ವರ್ಷ ಗಡುವು: ಮತ ಬದಲಿಸಿ, ಇಲ್ಲವೇ ಊರು ಬಿಡಿ. ಕೆಲವೇ ವರ್ಷಗಳಲ್ಲಿ ಜನಸಂಖ್ಯೆ ಹತ್ತಿರಹತ್ತಿರ ಅರ್ಧಕ್ಕಿಳಿಯಿತು. ದಕ್ಷಿಣದಿಂದ ಹೊರಟವರಲ್ಲಿ ವ್ಯಾಪಾರಿಗಳ ಜೊತೆ ಕೆತ್ತನೆಗಾರರು, ಅಚ್ಚಿನವರು ಇದ್ದರು. ಬ್ರಸೆಲ್ಸ್‌ನಿಂದ ತಪ್ಪಿಸಿಕೊಂಡು ಬಂದ ಪಾದ್ರಿ ಪೆಟ್ರುಸ್ ಪ್ಲಾನ್ಸಿಯಸ್ ಆಮ್‌ಸ್ಟರ್‌ಡಾಮ್‌ನಲ್ಲಿ ನೆಲೆಯಾದ. ಗೆಂಟ್‌ನಿಂದ ಲಂಡನ್ನಿಗೆ ಓಡಿದ್ದ ಯೊಡೋಕಸ್ ಹೊಂಡಿಯಸ್ 1593ರಲ್ಲಿ ಅಲ್ಲಿಗೇ ಬಂದ. ಹೊಂಡಿಯಸ್ 1604ರಲ್ಲಿ ಹೆಸರಾಂತ ನಕ್ಷೆಗಾರ ಮರ್ಕೇಟರನ ತಗಡುಗಳನ್ನು ಕೊಂಡು, 1606ರಲ್ಲಿ ಅವುಗಳಿಗೆ ಹೊಸ ನಕ್ಷೆಗಳನ್ನು ಸೇರಿಸಿ ಅಟ್ಲಾಸ್ ಮಾಡಿ ಮಾರಿದ. ಡಚ್ ನಕ್ಷೆಗಾರಿಕೆ ಎಂದು ನಾವು ಕರೆಯುವುದರ ಬಂಡವಾಳವೂ ಕೈಚಳಕವೂ ಹೆಚ್ಚಾಗಿ ನಿರಾಶ್ರಿತರು ಹೊತ್ತು ತಂದದ್ದು.

ತಗಡಿನ ಕೆಲಸ ಗೊತ್ತಿಲ್ಲದೆ ಈ ನಕ್ಷೆಗಳನ್ನು ಓದಲು ಆಗುವುದಿಲ್ಲ, ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಡಿದು ಮಟ್ಟಸ ಮಾಡಿದ ತಾಮ್ರದ ತಗಡನ್ನು ಪ್ಯೂಮಿಸ್ ಕಲ್ಲು, ಇದ್ದಿಲುಗಳಿಂದ ಉಜ್ಜಿ ಕನ್ನಡಿಯಂತೆ ಮಾಡುತ್ತಾರೆ. ತೆಳುವಾಗಿ ಮೇಣ ಬಳಿದು, ಮೂಲ ಚಿತ್ರವನ್ನು ಅದರ ಮೇಲೆ ಎಡಬಲ ತಿರುಗುಮುರುಗಾಗಿ ಇಳಿಸುತ್ತಾರೆ. ಕೆತ್ತನೆಗಾರ ಚೌಕ ಮೊನೆಯ ಉಳಿಯನ್ನು ಅಂಗೈಯಿಂದ ಮುಂದೆ ತಳ್ಳುತ್ತಾನೆ. ಗೆರೆ ಬಾಗಬೇಕಾದಲ್ಲಿ ಉಳಿ ತಿರುಗಿಸುವುದಿಲ್ಲ, ಮರಳುಚೀಲದ ಮೇಲಿಟ್ಟ ತಗಡನ್ನೇ ತಿರುಗಿಸುತ್ತಾನೆ. ಅಕ್ಷರಗಳನ್ನೂ ಕನ್ನಡಿ ಬಿಂಬದಂತೆ ಉಲ್ಟಾ ಕೆತ್ತಬೇಕು. ಊರಿನ ಹೆಸರುಗಳಲ್ಲಿ ಅಕ್ಷರ ಅದಲುಬದಲಾಗುವುದು, N ತಿರುಗಿ ನಿಲ್ಲುವುದು ಇಲ್ಲಿಯೇ. ಆಮೇಲೆ ತಗಡನ್ನು ಬೆಚ್ಚಗೆ ಮಾಡಿ, ಕಾಸಿದ ಅಗಸೆ ಎಣ್ಣೆಯಲ್ಲಿ ಅರೆದ ಕಪ್ಪು ಮಸಿಯನ್ನು ಗೆರೆಗಳಿಗೆ ತುಂಬಿ, ಮೇಲ್ಮೈಯನ್ನು ಬಟ್ಟೆಯಿಂದಲೂ ಕಡೆಗೆ ಅಂಗೈಯಿಂದಲೂ ಒರೆಸಿ, ಒದ್ದೆ ಕಾಗದ ಹಾಸಿ ಎರಡು ಉರುಳೆಗಳ ನಡುವೆ ಎಳೆಯುತ್ತಾರೆ. ಕಾಗದದಲ್ಲಿ ನಕ್ಷೆಯ ಸುತ್ತ ಉಳಿಯುವ ತಗ್ಗು, ಅಂದರೆ ತಗಡಿನ ಅಂಚಿನ ಗುರುತು, ಆ ಒತ್ತಡದ್ದು.

ತಾಮ್ರ ಮೆದು. ಒಂದೆರಡು ಸಾವಿರ ಪ್ರತಿ ತೆಗೆಯುವಷ್ಟರಲ್ಲಿ ಸಣ್ಣ ಗೆರೆಗಳು ಸವೆದು ಮಂಕಾಗುತ್ತವೆ, ಆಗ ಅವನ್ನು ಮತ್ತೆ ಆಳ ಮಾಡಬೇಕು. ಆದರೆ ಆ ಮೆದುತನವೇ ದೊಡ್ಡ ಅನುಕೂಲ. ತಿದ್ದಬೇಕಾದ ಜಾಗವನ್ನು ಕೆರೆದು, ಹಿಂದಿನಿಂದ ಸುತ್ತಿಗೆಯಿಂದ ತಟ್ಟಿ ಮೇಲೆತ್ತಿ, ಉಜ್ಜಿ ನಯ ಮಾಡಿದರೆ ಹೊಸದಾಗಿ ಕೆತ್ತಬಹುದು. ರಾಜಕೀಯ ಒಳನುಗ್ಗುವುದು ಈ ಬಾಗಿಲಿನಿಂದ. ಊರು ಕೈ ಬದಲಾದರೆ ಲಾಂಛನ ಬದಲಾಗುತ್ತದೆ, ಪೋಷಕ ಸತ್ತರೆ ಅರ್ಪಣೆ ಬದಲಾಗುತ್ತದೆ, ತಗಡು ಮಾರಾಟವಾದರೆ ಪ್ರಕಾಶಕನ ಹೆಸರು ಬದಲಾಗುತ್ತದೆ. ಆಮ್‌ಸ್ಟರ್‌ಡಾಮ್‌ನ ಪ್ರಕಾಶಕ ವಿಲ್ಲೆಮ್ ಬ್ಲಾವ್ 1629ರಲ್ಲಿ ಕಿರಿಯ ಹೊಂಡಿಯಸನ, ಅಂದರೆ ಯೊಡೋಕಸನ ಮಗನ, ಹತ್ತಾರು ತಗಡುಗಳನ್ನು ಕೊಂಡು, ಅವನ ಹೆಸರು ಅಳಿಸಿ ತನ್ನದನ್ನು ಹಾಕಿಸಿ, ಮರುವರ್ಷವೇ ಅಟ್ಲಾಸ್ ಆಗಿ ಹೊರತಂದ. ಕೆರೆದ ಜಾಗದಲ್ಲಿ ಹಳೆಯ ಅಕ್ಷರದ ನೆರಳು ಒಮ್ಮೊಮ್ಮೆ ಉಳಿದಿರುತ್ತದೆ. ಒಳ್ಳೆಯ ಸ್ಕ್ಯಾನ್ ದೊಡ್ಡದು ಮಾಡಿ ನೋಡಿದರೆ ಕಾಣುತ್ತದೆ. ಇಸವಿಯನ್ನು ನಂಬುವ ಮುನ್ನ ಆ ಜಾಗ ನೋಡಿ. ಕೆತ್ತನೆಯ ಇಸವಿ ಒಂದು, ಅಚ್ಚಿನ ಇಸವಿ ಇನ್ನೊಂದು. ನಡುವೆ ಮೂವತ್ತು ನಲವತ್ತು ವರ್ಷ ಇರುವುದು ಅಪರೂಪವಲ್ಲ.

ಬಣ್ಣದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಗಡಿಗಳಲ್ಲಿ ತಗಡಿನದ್ದು ಬರೀ ಚುಕ್ಕಿಗೆರೆ. ಕೆಂಪು, ಹಳದಿ, ಹಸಿರು ಹಚ್ಚುವವರು ಬೇರೆ ಕಸುಬಿನವರು, ಹಲವು ಸಲ ಗಿರಾಕಿಯ ಇಚ್ಛೆಯಂತೆ ಹಚ್ಚುತ್ತಿದ್ದರು. ಒಂದೇ ತಗಡಿನ ಎರಡು ಪ್ರತಿಗಳಲ್ಲಿ ಒಂದೇ ಊರು ಬೇರೆ ಬೇರೆ ಬಣ್ಣದೊಳಗೆ ಬೀಳಬಹುದು. ಒಂದು ಪ್ರತಿಯ ಬಣ್ಣ ನೋಡಿ ‘ಬ್ಲಾವ್ ಈ ಊರನ್ನು ಸ್ಪೇನ್‌ಗೆ ಸೇರಿಸಿದ್ದ’ ಎಂದು ಬರೆಯುವವರಿದ್ದಾರೆ, ಅದು ವಾದವಲ್ಲ. ಬಣ್ಣ ಹಳೆಯದೇ ಎಂದು ತಿಳಿಯಲು ಹಸಿರು ನೋಡಿ. ಅಂದಿನ ಹಸಿರು ತಾಮ್ರದ ಕಿಲುಬಿನಿಂದ ಮಾಡಿದ್ದು, ಕಾಲ ಕಳೆದಂತೆ ಕಾಗದವನ್ನು ತಿನ್ನುತ್ತದೆ. ಹಾಳೆಯ ಬೆನ್ನಿನಲ್ಲಿ ಅದೇ ಜಾಗ ಕಂದಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಬಣ್ಣ ಬಹುಮಟ್ಟಿಗೆ ಆ ಕಾಲದ್ದೇ.

ಇನ್ನು ಕಡಲು. ಲೂಕಾಸ್ ವಾಗೆನಾರ್ ಎಂಬ ಹಡಗಿನ ಚಾಲಕ 1584ರಲ್ಲಿ ಲೈಡನ್‌ನಿಂದ ಅಚ್ಚು ಹಾಕಿಸಿದ ಕರಾವಳಿ ನಕ್ಷೆಗಳು ಎಷ್ಟು ಹಬ್ಬಿದವೆಂದರೆ, ಇಂಗ್ಲಿಷ್ ನಾವಿಕರು ಎಂಥ ಕಡಲ ನಕ್ಷೆಯ ಪುಸ್ತಕವನ್ನೂ ‘ವ್ಯಾಗನರ್’ ಎಂದೇ ಕರೆಯತೊಡಗಿದರು. ಏಷ್ಯಾದ ದಾರಿ ಮಾತ್ರ ಪೋರ್ಚುಗೀಸರ ಗುಟ್ಟು. ಪ್ಲಾನ್ಸಿಯಸ್ ಮತ್ತು ಪ್ರಕಾಶಕ ಕೊರ್ನೆಲಿಸ್ ಕ್ಲಾಸ್ 1592ರ ಹೊತ್ತಿಗೆ ಐಬೀರಿಯದ ನಕ್ಷೆಗಾರ ಬಾರ್ತಲೊಮೆಯು ಲಾಸ್ಸೋನ ನಕ್ಷೆಗಳನ್ನು ದುಡ್ಡು ಕೊಟ್ಟು ತರಿಸಿಕೊಂಡರು. ಅದರ ಫಲವಾಗಿ ಬಂದ ಮೊಲುಕ್ಕಾಸ್ ದ್ವೀಪಗಳ (ಇಂದಿನ ಇಂಡೋನೇಷ್ಯಾದವು) ನಕ್ಷೆಯ ಕೆಳಗಡೆ ಜಾಯಿಕಾಯಿ, ಲವಂಗ, ಮೂರು ಬಗೆಯ ಚಂದನದ ಚಿತ್ರಗಳಿವೆ. ಅಲ್ಲಿ ಅಕ್ಷಾಂಶಕ್ಕಿಂತ ಜಾಯಿಕಾಯಿಯೇ ಮುಖ್ಯ. ಷೇರು ಹಾಕುವವನು ಮೊದಲು ನೋಡುತ್ತಿದ್ದದ್ದು ಅದನ್ನೇ ಇರಬೇಕು.

1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ ಮೇಲೆ ಮಾತ್ರ ಗುಟ್ಟು ಕಾಯುವ ಸರದಿ ಡಚ್ಚರದ್ದಾಯಿತು. ಕಂಪನಿಯ ನಕ್ಷೆಗಾರನ ಹುದ್ದೆ ಪ್ಲಾನ್ಸಿಯಸ್‌ನಿಂದ ಹೆಸ್ಸೆಲ್ ಗೆರಿಟ್ಸ್‌ಗೆ, 1633ರಲ್ಲಿ ವಿಲ್ಲೆಮ್ ಬ್ಲಾವ್‌ಗೆ, 1638ರಲ್ಲಿ ಅವನ ಮಗ ಯೋನ್ ಬ್ಲಾವ್‌ಗೆ ಬಂತು. ಹಡಗುಗಳಿಗೆ ಕೊಡುತ್ತಿದ್ದದ್ದು ಚರ್ಮಪತ್ರದ ಮೇಲೆ ಕೈಯಲ್ಲಿ ಬರೆದ ಪ್ರತಿಗಳು. ಪಯಣ ಮುಗಿದ ಮೇಲೆ ನಕ್ಷೆ, ದಿನಚರಿ ಎರಡನ್ನೂ ಹಿಂತಿರುಗಿಸಬೇಕು. ದಿನಚರಿ ಓದಿ ಮೂಲಪ್ರತಿ ತಿದ್ದುವುದು ನಕ್ಷೆಗಾರನ ಕೆಲಸ. ಹಾಗಾದರೆ ಕಂಪನಿಯ ಗುಟ್ಟು ಕಾಯುವವನೇ ಯುರೋಪಿನ ಅತಿ ದೊಡ್ಡ ನಕ್ಷೆ ವ್ಯಾಪಾರಿಯೂ ಆಗಿದ್ದದ್ದು ಹೇಗೆ? ನನ್ನ ಅಭಿಪ್ರಾಯದಲ್ಲಿ ಇದರಲ್ಲಿ ದೊಡ್ಡ ಒಗಟಿಲ್ಲ. ಗುಟ್ಟಿದ್ದದ್ದು ಖಂಡದ ಹೊರಗೆರೆಯಲ್ಲಲ್ಲ. ಆಳ, ಮರಳುದಿಬ್ಬ, ಲಂಗರು ಹಾಕುವ ಜಾಗ, ದಿಕ್ಕು ಹಿಡಿಯುವ ಕ್ರಮಗಳಲ್ಲಿ. ಕಂಪನಿಯ ನಾವಿಕ ಟಾಸ್ಮನ್ 1642–44ರಲ್ಲಿ ಕಂಡ ಆಸ್ಟ್ರೇಲಿಯ ಕಡೆಯ ಕರಾವಳಿಯನ್ನು ಆಮ್‌ಸ್ಟರ್‌ಡಾಮ್ ಪುರಭವನದ ನೆಲದಲ್ಲಿ ಅಮೃತಶಿಲೆಯಲ್ಲೇ ಕೂರಿಸಿ ಎಲ್ಲರಿಗೂ ತೋರಿಸಿದರು. ಅದನ್ನು ನೋಡಿ ಯಾರೂ ಹಡಗು ನಡೆಸಲಾರರು.

ಆ ನೆಲದ ಬಗ್ಗೆ ಎರಡು ಮಾತು. 1655ರಲ್ಲಿ ಉದ್ಘಾಟನೆಯಾದ ಪುರಭವನದ, ಅಂದರೆ ಈಗಿನ ಅರಮನೆಯ, ಪ್ರಜೆಗಳ ಸಭಾಂಗಣದಲ್ಲಿ ಭೂಮಿಯ ಎರಡು ಅರ್ಧಗೋಳ ಮತ್ತು ಆಕಾಶದ ಒಂದು, ತಲಾ ಆರು ಮೀಟರಿಗೂ ಹೆಚ್ಚು ಅಗಲ. ಆಧಾರ ಯೋನ್ ಬ್ಲಾವ್‌ನ 1648ರ ಜಗತ್ತಿನ ನಕ್ಷೆ. ಅದೇ ವರ್ಷ ಮ್ಯುನ್‌ಸ್ಟರ್ ಒಪ್ಪಂದದಲ್ಲಿ ಸ್ಪೇನ್ ಗಣರಾಜ್ಯವನ್ನು ಒಪ್ಪಿಕೊಂಡಿತು. ಬ್ಲಾವ್ ಆ ನಕ್ಷೆಯನ್ನು ಅರ್ಪಿಸಿದ್ದು ಯಾರಿಗೆ? ಒಪ್ಪಂದಕ್ಕೆ ಬಂದಿದ್ದ ಸ್ಪೇನ್‌ನ ರಾಯಭಾರಿ, ಪೆನ್ಯರಾಂದದ ಕೌಂಟ್‌ಗೆ. ಎಂಬತ್ತು ವರ್ಷ ಹೊಡೆದಾಡಿದ ಶತ್ರು ಮರುದಿನವೇ ಗಿರಾಕಿ. ಮುಂದಿನ ವರ್ಷ ಬ್ಲಾವ್ ಹೊರತಂದ ನಗರಗಳ ಪುಸ್ತಕವೂ ಎರಡು ಸಂಪುಟ: ಒಂದು ಗಣರಾಜ್ಯದ ಊರುಗಳಿಗೆ, ಇನ್ನೊಂದು ಸ್ಪೇನ್ ಅರಸನ ಕೆಳಗುಳಿದ ದಕ್ಷಿಣದ ಊರುಗಳಿಗೆ. ಒಪ್ಪಂದದ ಗಡಿ ಪುಸ್ತಕದ ರಟ್ಟಿಗೆ ಬಂದಿತ್ತು.

ನಕ್ಷೆ ಹಕ್ಕುಪತ್ರದಂತೆ ಕೆಲಸ ಮಾಡಿದ್ದೂ ಉಂಟು. 1614ರಲ್ಲಿ ಡಚ್ ನಾವಿಕ ಆಡ್ರಿಯಾನ್ ಬ್ಲಾಕ್‌ನ ಕೈನಕ್ಷೆಯೊಂದನ್ನು ವ್ಯಾಪಾರಿಗಳು ಮಹಾಸಭೆಯ ಮುಂದಿಟ್ಟರು. ‘ಹೊಸ ನೆದರ್‌ಲೆಂಡ್’ ಎಂಬ ಹೆಸರು ಮೊದಲು ಕಾಣುವುದು ಅದರಲ್ಲಿ. ಅವರಿಗೆ ಸಿಕ್ಕಿದ್ದು ಮೂರು ವರ್ಷಗಳ ಏಕಸ್ವಾಮ್ಯ. ಅಲ್ಲಿ ತಲೆಮಾರುಗಳಿಂದ ಬಾಳಿದ್ದ ಮೂಲನಿವಾಸಿಗಳು ನಕ್ಷೆಯಲ್ಲಿ ಹೆಸರುಗಳಾಗಿ ಇದ್ದಾರೆ, ಒಡೆಯರಾಗಿ ಇಲ್ಲ. ಇನ್ನೂ ಕಟುವಾದದ್ದು ಬ್ಲಾವ್ 1647ರಲ್ಲಿ ಹೊರತಂದ ಬ್ರೆಜಿಲ್ ಗೋಡೆನಕ್ಷೆ. ಜಾರ್ಜ್ ಮಾರ್ಕ್‌ಗ್ರಾಫ್ ಅಲ್ಲಿಯೇ ಇದ್ದು ಅಳೆದದ್ದು, ಅಳತೆ ಅಚ್ಚುಕಟ್ಟು. ಲ್ಯಾಟಿನ್ ಶೀರ್ಷಿಕೆಯ ಅರ್ಥ ‘ನೆದರ್‌ಲೆಂಡ್ಸಿನವರಿಗೆ ವಿಧೇಯವಾಗಿರುವ ಬ್ರೆಜಿಲ್ ಭಾಗ’. ಒಳಗೆ ಕಬ್ಬಿನ ಗಾಣ, ದುಡಿಯುವ ಆಫ್ರಿಕನ್ ಗುಲಾಮರು, ಎಲ್ಲವೂ ಶಾಂತ, ಸುಂದರ. ವಾಸ್ತವದಲ್ಲಿ 1645ರಲ್ಲೇ ಅಲ್ಲಿ ದಂಗೆ ಎದ್ದಿತ್ತು, 1654ರಲ್ಲಿ ಡಚ್ಚರು ಕಾಲ್ತೆಗೆದರು. ‘ವಿಧೇಯ’ ಎಂಬ ಪದ ಕೆತ್ತುವಾಗಲೇ ಸುಳ್ಳಾಗತೊಡಗಿತ್ತು.

ಸಾಮ್ರಾಜ್ಯದ ನಕ್ಷೆಗಳ ಗದ್ದಲದಲ್ಲಿ ಊರೊಳಗಿನ ನಕ್ಷೆಗಳನ್ನು ಮರೆಯುವವರೇ ಹೆಚ್ಚು. ಸಮುದ್ರಮಟ್ಟಕ್ಕಿಂತ ತಗ್ಗಿನ ನೆಲವನ್ನು ಏರಿ ಕಟ್ಟಿ ಉಳಿಸಿಕೊಳ್ಳುವ ನಾಡಿನಲ್ಲಿ ಯಾರ ಜಮೀನು ಎಷ್ಟು, ಯಾರು ಯಾವ ಏರಿಯ ಎಷ್ಟು ಉದ್ದಕ್ಕೆ ಹೊಣೆ ಎಂಬುದು ದಿನನಿತ್ಯದ ರಾಜಕೀಯ. ಬೇಮ್‌ಸ್ಟರ್ ಕೆರೆಯನ್ನು ನಲವತ್ತಕ್ಕೂ ಹೆಚ್ಚು ಗಾಳಿಗಿರಣಿಗಳಿಂದ ಬತ್ತಿಸಿ 1612ರಲ್ಲಿ ಏಳು ಸಾವಿರ ಹೆಕ್ಟೇರಿಗೂ ಹೆಚ್ಚು ನೆಲ ಎತ್ತಿದಾಗ, ಹಣ ಹಾಕಿದವರಿಗೆ ಚೀಟಿ ಎತ್ತಿ ಹಂಚಿದ್ದು ಮೋಜಣಿದಾರರು ಚೌಕ ಚೌಕವಾಗಿ ಗುರುತಿಸಿದ ತುಂಡುಗಳನ್ನು. ಅವರ ಅಳತೆಗೋಲು ರೈನ್‌ಲೆಂಡಿನ ರೂಡೆ, 3.77 ಮೀಟರ್. 600 ಚದರ ರೂಡೆಗೆ ಒಂದು ಮೋರ್ಗನ್, ನಮ್ಮ ಲೆಕ್ಕದಲ್ಲಿ ಎರಡು ಎಕರೆಗೆ ತುಸು ಹೆಚ್ಚು. ಮೋಜಣಿದಾರ ಫ್ಲೋರಿಸ್ ಬಾಲ್ತಸಾರ್ಸ್ 1611ರಿಂದ 1615ರೊಳಗೆ ಡೆಲ್ಫ್‌ಲೆಂಡ್, ಸ್ಖೀಲೆಂಡ್, ರೈನ್‌ಲೆಂಡ್ ನೀರು ಮಂಡಳಿಗಳಿಗೆ ಮಾಡಿಕೊಟ್ಟ ನಕ್ಷೆಗಳಲ್ಲಿ ಕಾಲುವೆ, ತೂಬುಗಳಿವೆ, ಜೊತೆಗೆ ಮಂಡಳಿಯವರ ಲಾಂಛನಗಳಿವೆ. ನೀರನ್ನು ಆಳುವವರು ನಾವು ಎಂದು ಅರಸನಿಲ್ಲದ ನಾಡಿನಲ್ಲಿ ಹೇಳಿದ್ದು ಹೀಗೆ.

ಆ ಫ್ಲೋರಿಸನ ಮಗನೇ ಬಾಲ್ತಸಾರ್ ಫ್ಲೋರಿಸ್ ವಾನ್ ಬೆರ್ಕೆನ್‌ರೋಡೆ. ಅವನು 1620ರಲ್ಲಿ ಮಾಡಿದ ಹಾಲೆಂಡಿನ ಗೋಡೆನಕ್ಷೆ ಡಚ್ ಚಿತ್ರಕಾರ ವರ್ಮೀರನ ಚಿತ್ರಗಳಲ್ಲಿ ಗೋಡೆಯ ಮೇಲೆ ನೇತಾಡುತ್ತದೆ. ಅದರಲ್ಲಿ ಪಶ್ಚಿಮ ಮೇಲಿದೆ, ನೋಡಿದ ತಕ್ಷಣ ಹಾಲೆಂಡ್ ಎಂದು ಗುರುತು ಸಿಗುವುದಿಲ್ಲ. ಇದು ತಪ್ಪಲ್ಲ, ಉತ್ತರ ದಕ್ಷಿಣವಾಗಿ ಉದ್ದನೆಯ ನಾಡನ್ನು ಅಡ್ಡಗೋಡೆಗೆ ಹೊಂದಿಸಲು ಅದೇ ಸಲೀಸು. ವರ್ಮೀರನ ‘ಚಿತ್ರಕಲೆ’ ಎಂಬ ಚಿತ್ರದಲ್ಲಿ ಇರುವುದು ವಿಸ್ಸರ್‌ನ ಹದಿನೇಳು ಪ್ರಾಂತಗಳ ನಕ್ಷೆ, ಒಪ್ಪಂದವಾಗಿ ಸುಮಾರು ಇಪ್ಪತ್ತು ವರ್ಷಗಳ ಮೇಲೆ ಬರೆದದ್ದು. ನಕ್ಷೆಯ ನಡುವೆ ಎದ್ದು ಕಾಣುವ ಮಡಿಕೆಯನ್ನು ಉತ್ತರ ದಕ್ಷಿಣ ಬೇರ್ಪಟ್ಟ ಗಾಯ ಎಂದು ಓದುವವರಿದ್ದಾರೆ. ನನಗೆ ಅಷ್ಟು ಧೈರ್ಯವಿಲ್ಲ. ಬಟ್ಟೆಗೆ ಅಂಟಿಸಿ, ಕೋಲು ಕಟ್ಟಿ ತೂಗುಹಾಕಿದ ನಕ್ಷೆ ಹೀಗೆ ಮಡಿಕೆ ಬೀಳುವುದು ಸಹಜ. ಆದರೆ ಒಡೆದ ನಾಡಿನ ಅಖಂಡ ನಕ್ಷೆಯನ್ನು ಆಗಲೂ ಜನ ಮನೆಯಲ್ಲಿ ಇಟ್ಟುಕೊಂಡಿದ್ದರು ಎಂಬುದಕ್ಕೆ ಚಿತ್ರವೇ ಸಾಕ್ಷಿ. ಗೋಡೆನಕ್ಷೆಗಳು ಹೊಗೆ, ತೇವ, ಬಿಸಿಲಿಗೆ ಹಾಳಾದವು. ಇಂದು ಉಳಿದಿರುವುದು ಬೆರಳೆಣಿಕೆ. ಕಪಾಟಿನಲ್ಲಿ ಮುಚ್ಚಿಟ್ಟ ಅಟ್ಲಾಸ್‌ಗಳು ಉಳಿದವು. ಹಾಗಾಗಿ ಅಂದಿನ ಸಾಮಾನ್ಯ ಮನೆಗಳ ಭೂಗೋಳವನ್ನು ತಿಳಿಯಲು ಅಟ್ಲಾಸ್‌ಗಿಂತ ಚಿತ್ರಗಳೇ ಒಮ್ಮೊಮ್ಮೆ ಹೆಚ್ಚು ನೆರವಾಗುತ್ತವೆ.

ಅಟ್ಲಾಸ್ ಎಂದರೆ ಶ್ರೀಮಂತಿಕೆ. ಬ್ಲಾವ್‌ನ ಅಟ್ಲಾಸ್ ಮಾಯೋರ್ 1662ರಲ್ಲಿ ಲ್ಯಾಟಿನ್‌ನಲ್ಲಿ 11 ಸಂಪುಟಗಳಾಗಿ, ಸುಮಾರು 600 ನಕ್ಷೆಗಳೊಂದಿಗೆ ಬಂತು. ಬಣ್ಣ ಹಚ್ಚಿದ ಪ್ರತಿಗೆ 450 ಗಿಲ್ಡರ್ ಆಸುಪಾಸು, ಕಸುಬುದಾರನೊಬ್ಬನ ವರ್ಷದ ದುಡಿಮೆಗಿಂತ ಹೆಚ್ಚು. ಒಳಗಿನ ಎಷ್ಟೋ ನಕ್ಷೆಗಳು ಅಪ್ಪನ ಕಾಲದ ಹಳೆಯ ತಗಡಿನವು. ಕೊಳ್ಳುವವನಿಗೆ ಅದರಿಂದ ತೊಂದರೆಯಾಗಲಿಲ್ಲ, ಅವನೇನು ಅದನ್ನು ಹಿಡಿದು ಹಡಗು ಹತ್ತುವವನಲ್ಲ. ಮಹಾಸಭೆ 1668ರಲ್ಲಿ ಆಟೊಮನ್ ಸುಲ್ತಾನ ನಾಲ್ಕನೇ ಮೆಹಮದ್‌ಗೆ ಇದನ್ನೇ ಉಡುಗೊರೆ ಕೊಟ್ಟಿತು. ಅದು ಮುಂದೆ ತುರ್ಕಿಗೂ ಅನುವಾದವಾಯಿತು. ಫ್ರೆಂಚ್ ಆವೃತ್ತಿಯನ್ನು ಹದಿನಾಲ್ಕನೇ ಲೂಯಿಗೆ ಅರ್ಪಿಸಿದ್ದರು. ಆ ಲೂಯಿಯ ಸೇನೆ 1672ರಲ್ಲಿ ಗಣರಾಜ್ಯದೊಳಕ್ಕೆ ನುಗ್ಗಿತು. ಅದೇ ವರ್ಷ ಫೆಬ್ರವರಿಯಲ್ಲಿ ಬ್ಲಾವ್ ಅಚ್ಚುಕೂಟ ಬೆಂಕಿಗೆ ಬಿತ್ತು, ತಗಡುಗಳೂ ಸುಟ್ಟವು.

ನಮ್ಮ ಕರಾವಳಿಯನ್ನು ಈ ನಕ್ಷೆಗಳಲ್ಲಿ ಹುಡುಕುವ ಆಸೆಯಿದ್ದರೆ ಒಂದು ಸುಳಿವು. ಗೋವೆಯ ಆರ್ಚ್‌ಬಿಷಪ್ಪನ ಕಾರ್ಯದರ್ಶಿಯಾಗಿ 1583ರಿಂದ ಸುಮಾರು ಐದು ವರ್ಷ ಇದ್ದ ಯಾನ್ ಹೌಖೆನ್ ವಾನ್ ಲಿನ್ಸ್‌ಖೋಟೆನ್, ಪೋರ್ಚುಗೀಸರ ವಿವರಗಳನ್ನು ಹೊತ್ತು ಹೋಗಿ 1596ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಅಚ್ಚು ಹಾಕಿಸಿದ. ಆ ಕಾಲದ ಬರಹ, ನಕ್ಷೆಗಳಲ್ಲಿ ಹೊನ್ನಾವರ ‘ಓನೊರ್’, ಭಟ್ಕಳ ‘ಬಟಿಕಲ’, ಬಸರೂರು ‘ಬಾರ್ಸೆಲೋರ್’. ಬಾರ್ಸೆಲೋರ್ ಎಂದು ಕಂಡಲ್ಲಿ ಕುಂದಾಪುರ ಎಂದು ಓದಿ ಬಿಡಬೇಡಿ. ಹೊಳೆಯ ಒಳಗಡೆಯ ಬಸರೂರೇ ಅಂದಿನ ಪೇಟೆ. ದೂರ ಅಳೆಯುವುದಾದರೆ ಮೂಲೆಯ ಅಳತೆಪಟ್ಟಿ ಯಾವ ಮೈಲಿಯದು ಎಂದು ಮೊದಲು ನೋಡಿ: ಜರ್ಮನ್ ಮೈಲಿ ಒಂದು ಡಿಗ್ರಿಗೆ 15, ಅಂದರೆ 7.4 ಕಿ.ಮೀ.; ಸ್ಪೇನಿನ ಲೀಗ್ ಆದರೆ ಡಿಗ್ರಿಗೆ ಹದಿನೇಳೂವರೆ. ಎರಡೂ ಪಟ್ಟಿಗಳು ಒಂದೇ ನಕ್ಷೆಯಲ್ಲಿ ಒಂದರ ಕೆಳಗೊಂದು ಇರುತ್ತವೆ.